ಆರು ಸಾವು, ಯಾರ ತಲೆಗೆ?

ಆರ್ಥರ್ ಬ್ರೂಕ್ ಎಂಬ ಇಂಗ್ಲಿಷ್ ಕವಿ 1562ರಲ್ಲಿ ರೋಮಿಯೋ-ಜೂಲಿಯೆಟ್ ಕತೆಯನ್ನು ಪದ್ಯದಲ್ಲಿ ಹೇಳಿದಾಗ, ಕೊನೆಗೆ ತೀರ್ಪನ್ನೂ ತಾನೇ ಬರೆದುಬಿಟ್ಟ. ಪ್ರೇಮಿಗಳಿಬ್ಬರೂ ಸತ್ತ ಮೇಲೆ ವೆರೋನಾದ ದೊರೆ ವಿಚಾರಣೆ ನಡೆಸುತ್ತಾನೆ. ವಿಷ ಮಾರಿದ ಔಷಧಿ ಅಂಗಡಿಯವನಿಗೆ ಗಲ್ಲು. ಮದುವೆಯ ಗುಟ್ಟನ್ನು ಯಜಮಾನನಿಂದ ಮುಚ್ಚಿಟ್ಟ ದಾದಿಗೆ ಗಡೀಪಾರು. ರೋಮಿಯೋನ ಆಳು ಒಡೆಯ ಹೇಳಿದ್ದನ್ನು ಮಾಡಿದವನು, ಅವನಿಗೆ ಬಿಡುಗಡೆ. ಮದುವೆ ಮಾಡಿಸಿದ ಸನ್ಯಾಸಿಗೆ ಹಿಂದಿನ ಒಳ್ಳೆಯತನ ನೋಡಿ ಕ್ಷಮೆ. ಅವನೇ ಊರಾಚೆಯ ಕುಟೀರ ಸೇರಿ, ಐದು ವರ್ಷ ಬದುಕಿದ್ದು ಸಾಯುತ್ತಾನೆ. ಎರಡು ಮನೆಗಳ ಯಜಮಾನರಿಗೆ? ಅವರಿಗೇನಿಲ್ಲ. ಅತ್ತರು, ರಾಜಿಯಾದರು.

ಮೂರು ದಶಕ ಕಳೆದ ಮೇಲೆ ಷೇಕ್ಸ್‌ಪಿಯರ್ ಇದೇ ಪದ್ಯವನ್ನು ಮುಂದಿಟ್ಟುಕೊಂಡು ನಾಟಕ ಬರೆದ. ಘಟನೆಗಳನ್ನು ಹೆಚ್ಚುಕಡಿಮೆ ಹಾಗೇ ಎತ್ತಿಕೊಂಡ, ತೀರ್ಪನ್ನು ಮಾತ್ರ ಕೈಬಿಟ್ಟ. ಕೆಲವರಿಗೆ ಕ್ಷಮೆಯುಂಟು, ಕೆಲವರಿಗೆ ಶಿಕ್ಷೆಯುಂಟು ಎಂದಷ್ಟೇ ಹೇಳಿ ಅವನ ದೊರೆ ಎಲ್ಲರನ್ನೂ ಕರೆದುಕೊಂಡು ಹೊರಡುತ್ತಾನೆ. ಯಾರ ಹೆಸರನ್ನೂ ಎತ್ತುವುದಿಲ್ಲ. ನಾಟಕ ಮೊದಲು ಅಚ್ಚಾದದ್ದು 1597ರಲ್ಲಿ. ಅಂದಿನಿಂದ ವಿಮರ್ಶಕರು, ನಿರ್ದೇಶಕರು, ಮೇಷ್ಟರುಗಳು, ಪರೀಕ್ಷೆ ಬರೆಯುವ ಮಕ್ಕಳು ಎಲ್ಲರೂ ಆ ಬಿಟ್ಟಸ್ಥಳ ತುಂಬುತ್ತಲೇ ಬಂದಿದ್ದಾರೆ. ಹಾಗೆ ತುಂಬುವಾಗ ಲೆಕ್ಕಕ್ಕೆ ಎರಡು ಹೆಣ ಮಾತ್ರ ಸಿಗುತ್ತವೆ. ನಾಟಕದಲ್ಲಿ ಸಾಯುವವರು ಆರು ಜನ: ರೋಮಿಯೋನ ಗೆಳೆಯ ಮರ್ಕ್ಯುಶಿಯೋ, ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್, ಅವಳನ್ನು ಮದುವೆಯಾಗಲು ಬಂದ ಪ್ಯಾರಿಸ್, ರೋಮಿಯೋ, ಜೂಲಿಯೆಟ್, ಜೊತೆಗೆ ಮಗನ ಗಡೀಪಾರಿನ ಕೊರಗಿನಲ್ಲಿ ತೀರಿಹೋಗುವ ರೋಮಿಯೋನ ತಾಯಿ. ಇವರಲ್ಲಿ ಇಬ್ಬರನ್ನು ರೋಮಿಯೋ ತನ್ನ ಕೈಯಾರೆ ಕೊಲ್ಲುತ್ತಾನೆ ಎಂಬುದನ್ನೂ ಮರೆಯಬಾರದು.

ಅತಿ ಹಳೆಯ ಉತ್ತರವೆಂದರೆ ತಪ್ಪು ಪ್ರೇಮಿಗಳದ್ದೇ. ಬ್ರೂಕ್ ತನ್ನ ಮುನ್ನುಡಿಯಲ್ಲಿ ಈ ಕತೆಯನ್ನು ಎಚ್ಚರಿಕೆಯ ಗಂಟೆಯಂತೆ ಮುಂದಿಡುತ್ತಾನೆ: ಕಾಮಕ್ಕೆ ಬಲಿಯಾಗಿ, ಹಿರಿಯರ ಮಾತು ಮೀರಿ, ಕುಡುಕ ಹೆಂಗಸರ ಮತ್ತು ಮೂಢ ಸನ್ಯಾಸಿಗಳ ಸಲಹೆ ನಂಬಿದವರ ಗತಿ ಇದು ಎಂದು. ತಮಾಷೆಯೆಂದರೆ ಪದ್ಯಕ್ಕೆ ಇಳಿದ ಮೇಲೆ ಅವನಿಗೇ ಆ ಸಿಟ್ಟು ನಿಲ್ಲುವುದಿಲ್ಲ; ಪ್ರೇಮಿಗಳ ಮೇಲೆ ಕರುಣೆ ಉಕ್ಕುತ್ತದೆ, ಸನ್ಯಾಸಿಯೂ ಸಜ್ಜನನಾಗುತ್ತಾನೆ. ಮುನ್ನುಡಿ ಬರೆದದ್ದು ಪ್ರಾಟೆಸ್ಟೆಂಟ್ ಇಂಗ್ಲೆಂಡಿನ ಒಬ್ಬ ಜಾಗರೂಕ ಪ್ರಜೆ, ಪದ್ಯ ಬರೆದದ್ದು ಕತೆಗಾರ. ಆದರೆ ಮುನ್ನುಡಿಯ ವಾದ ಅಲ್ಲಿಗೇ ಸಾಯಲಿಲ್ಲ. 1957ರಲ್ಲಿ ಫ್ರಾಂಕ್ಲಿನ್ ಡಿಕಿ ಎಂಬ ವಿಮರ್ಶಕ ಎಲಿಜಬೆತ್ ಕಾಲದ ನೀತಿಗ್ರಂಥಗಳನ್ನೆಲ್ಲ ಮುಂದಿಟ್ಟು, ಕಡಿವಾಣವಿಲ್ಲದ ಮೋಹವೇ ಇವರನ್ನು ಕೊಂದದ್ದು ಎಂದು ವಿಸ್ತಾರವಾಗಿ ವಾದಿಸಿದ.

ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಕಾರಣ ಷೇಕ್ಸ್‌ಪಿಯರ್ ಮೂಲದಲ್ಲಿ ಮಾಡಿದ ಎರಡು ಬದಲಾವಣೆ. ಬ್ರೂಕ್‌ನ ಜೂಲಿಯೆಟ್‌ಗೆ ಹತ್ತಿರ ಹತ್ತಿರ 16. ಅದೇ ಕತೆಯನ್ನು 1567ರಲ್ಲಿ ಗದ್ಯಕ್ಕೆ ತಂದ ವಿಲಿಯಂ ಪೇಂಟರ್ ಅವಳನ್ನು 18ಕ್ಕೆ ಏರಿಸಿದ್ದ. ಷೇಕ್ಸ್‌ಪಿಯರ್ 13ಕ್ಕೆ ಇಳಿಸುತ್ತಾನೆ, 14 ತುಂಬಲು ಇನ್ನೂ ಎರಡು ವಾರದ ಮೇಲಿದೆ. ಬ್ರೂಕ್‌ನಲ್ಲಿ ಒಂಬತ್ತು ತಿಂಗಳು ಹರಡಿಕೊಂಡಿದ್ದ ಕತೆಯನ್ನು ಭಾನುವಾರ ಬೆಳಗ್ಗೆ ಶುರುಮಾಡಿ ಅದೇ ವಾರದೊಳಗೆ ಮುಗಿಸುತ್ತಾನೆ. ಪ್ರೇಮಿಗಳೇ ತಪ್ಪಿತಸ್ಥರು ಎನ್ನಲು ಹೊರಟ ನಾಟಕಕಾರ ಹುಡುಗಿಯ ವಯಸ್ಸನ್ನು ಇಳಿಸುವುದಿಲ್ಲ, ಏರಿಸುತ್ತಾನೆ. ಯೋಚನೆಗೆ ಸಮಯವನ್ನು ಕಿತ್ತುಕೊಳ್ಳುವುದಿಲ್ಲ, ಕೊಡುತ್ತಾನೆ. ಅದೂ ಅಲ್ಲದೆ ಆಗಿನ ಇಂಗ್ಲೆಂಡಿನಲ್ಲಿ ಆತ್ಮಹತ್ಯೆ ಅಪರಾಧವಾಗಿತ್ತು, ಮಹಾಪಾಪವೂ ಆಗಿತ್ತು. ‘ಹ್ಯಾಮ್ಲೆಟ್’ ನಾಟಕದಲ್ಲಿ ಒಫೀಲಿಯಾಳನ್ನು ಮಣ್ಣು ಮಾಡುವಾಗ ಪುರೋಹಿತ ಆ ತಕರಾರು ತೆಗೆದೇ ತೆಗೆಯುತ್ತಾನೆ. ಇಲ್ಲಿ ಸನ್ಯಾಸಿ, ದೊರೆ, ಹೆತ್ತವರು ಎಲ್ಲರೂ ಹೆಣಗಳ ಮುಂದೆಯೇ ನಿಂತಿದ್ದರೂ ಒಬ್ಬರ ಬಾಯಲ್ಲೂ ಪಾಪದ ಮಾತು ಬರುವುದಿಲ್ಲ. ರೋಮಿಯೋನ ದುಡುಕು ನಿಜ. ಅವನು ಇನ್ನರ್ಧ ಗಳಿಗೆ ತಡೆದಿದ್ದರೆ ಜೂಲಿಯೆಟ್ ಎದ್ದು ಕೂರುತ್ತಿದ್ದಳು. ಆದರೆ ದುಡುಕುವ ಹುಡುಗನಿಗೆ ಸತ್ಯ ತಲುಪಿಸುವುದು ಯಾರ ಕೆಲಸವಾಗಿತ್ತು?

ಎರಡನೆಯ ಉತ್ತರ ವಿಧಿ. ನಮ್ಮಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರಹಚಾರ, ಹಣೆಬರಹ ಎಂದರೆ ಸಾಕು. ನಾಟಕದ ನಾಂದಿಯೇ ಇವರ ನಕ್ಷತ್ರ ಸರಿಯಿಲ್ಲ ಎಂದು ಸಾರಿಬಿಡುತ್ತದೆ. ಎಚ್.ಬಿ. ಚಾರ್ಲ್ಟನ್ ಮೊದಲಾದ ವಿಮರ್ಶಕರು ಈ ನಾಟಕವನ್ನು ಷೇಕ್ಸ್‌ಪಿಯರ್‌ನ ಪ್ರಯೋಗವೆಂದು ಕರೆದು, ದುರಂತದ ಭಾರವನ್ನು ವಿಧಿಯ ಮೇಲೂ ಮನೆತನಗಳ ಹಗೆಯ ಮೇಲೂ ಹೊರಿಸಿದರು. ಒಂದು ಕುತೂಹಲದ ಸಂಗತಿಯಿದೆ: ಷೇಕ್ಸ್‌ಪಿಯರ್ ನಾಟಕಗಳ 1623ರ ಫೋಲಿಯೋ ಸಂಪುಟದಲ್ಲಿ ಆ ನಾಂದಿ ಇಲ್ಲವೇ ಇಲ್ಲ. ಆ ಪ್ರತಿ ಹಿಡಿದು ಓದಿದವರಿಗೆ ನಾಟಕ ಶುರುವಾಗುವುದು ನಕ್ಷತ್ರಗಳಿಂದಲ್ಲ, ಬೀದಿಯಲ್ಲಿ ಕಾಲು ಕೆರೆದು ಜಗಳಕ್ಕೆ ನಿಲ್ಲುವ ಆಳುಗಳಿಂದ.

ವಿಧಿ ಎನ್ನುವವರು ಕೊಡುವ ಮುಖ್ಯ ಸಾಕ್ಷ್ಯ ತಲುಪದ ಪತ್ರ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪ್ಯಾರಿಸ್ ಜೊತೆಗಿನ ಮದುವೆ ತಪ್ಪಿಸಿಕೊಳ್ಳಲು, ಸತ್ತಂತೆ ಮಲಗುವ ಸಲುವಾಗಿ ಜೂಲಿಯೆಟ್ ಕುಡಿಯುವ ಔಷಧಿಗೆ 42 ಗಂಟೆಯ ಅವಧಿ. ಅಷ್ಟರೊಳಗೆ, ಟಿಬಾಲ್ಟ್‌ನನ್ನು ಕೊಂದು ಗಡೀಪಾರಾಗಿ ಮಾಂಟುವಾದಲ್ಲಿರುವ ರೋಮಿಯೋಗೆ ಸುದ್ದಿ ಮುಟ್ಟಬೇಕು. ಮದುವೆ ಮಾಡಿಸಿದ ಲಾರೆನ್ಸ್ ಸನ್ಯಾಸಿ ತನ್ನ ಮಠದವನೇ ಆದ ಜಾನ್ ಕೈಯಲ್ಲಿ ಪತ್ರ ಕೊಡುತ್ತಾನೆ. ಜಾನ್ ಜೊತೆಗೆ ಇನ್ನೊಬ್ಬ ಸನ್ಯಾಸಿಯನ್ನು ಕರೆದುಕೊಳ್ಳಲು ಹೋಗುತ್ತಾನೆ. ಆ ಇನ್ನೊಬ್ಬ ಊರಿನ ರೋಗಿಗಳ ಮನೆಗೆ ಓಡಾಡಿಕೊಂಡಿದ್ದವನು. ಅದು ಸೋಂಕಿನ ಮನೆಯಿರಬೇಕೆಂದು ತಪಾಸಣೆಯವರು ಇಬ್ಬರನ್ನೂ ಒಳಗೆ ಕೂಡಿ ಬಾಗಿಲಿಗೆ ಮೊಹರು ಹಾಕುತ್ತಾರೆ. ಪತ್ರವನ್ನು ಮಾಂಟುವಾಕ್ಕೆ ಕಳಿಸುವುದಿರಲಿ, ಲಾರೆನ್ಸ್‌ಗೆ ವಾಪಸು ಮುಟ್ಟಿಸಲೂ ಒಬ್ಬರೂ ಒಪ್ಪುವುದಿಲ್ಲ, ಎಲ್ಲರಿಗೂ ಸೋಂಕಿನ ಭಯ. ಬ್ರೂಕ್‌ನಲ್ಲಿ ಜಾನ್ ಮಾಂಟುವಾ ತಲುಪಿದ ಮೇಲೆ ಅಲ್ಲಿನ ಮಠದಲ್ಲಿ ಸಿಕ್ಕಿಬೀಳುತ್ತಾನೆ. ಷೇಕ್ಸ್‌ಪಿಯರ್‌ನಲ್ಲಿ ಅವನು ವೆರೋನಾ ದಾಟುವುದೇ ಇಲ್ಲ. 1592ರಿಂದ 1594ರವರೆಗೆ ಪ್ಲೇಗಿನ ಕಾರಣಕ್ಕೆ ಲಂಡನ್ನಿನ ನಾಟಕಶಾಲೆಗಳು ಬಹುಪಾಲು ಮುಚ್ಚಿದ್ದವು. ಅದರ ಬೆನ್ನಿಗೇ ಬಂದ ನಾಟಕ ಇದು. ಮೊಹರು ಬಿದ್ದ ಬಾಗಿಲು ಎಂದರೇನು ಎಂಬುದನ್ನು ಆ ಪ್ರೇಕ್ಷಕರಿಗೆ ವಿವರಿಸಬೇಕಾಗಿರಲಿಲ್ಲ. 2020ರಲ್ಲಿ ಬೆಂಗಳೂರಿನ ಮನೆಬಾಗಿಲಿಗೆ ತಗಡು ಬಡಿದದ್ದನ್ನು ಕಂಡ ನಮಗೂ ಬೇಕಾಗಿಲ್ಲ.

ಇಲ್ಲಿಯವರೆಗೆ ವಿಧಿ ಎನ್ನಬಹುದು. ಆದರೆ ರೋಮಿಯೋನನ್ನು ಮಾಂಟುವಾಕ್ಕೆ ಕಳಿಸುವ ರಾತ್ರಿ ಇದೇ ಲಾರೆನ್ಸ್ ಅವನಿಗೆ ಕೊಟ್ಟ ಮಾತೊಂದಿದೆ: ನಿನ್ನ ಆಳನ್ನು ಹುಡುಕಿ, ಇಲ್ಲಿನ ಒಳ್ಳೆಯ ಸುದ್ದಿಗಳನ್ನು ಅವನ ಮೂಲಕವೇ ಆಗಾಗ ಕಳಿಸುತ್ತೇನೆ ಎಂದು. ಆ ಆಳು ಬಾಲ್ತಸಾರ್. ಹಾಗೆ ಮಾಡಿದ್ದರೆ? ಬಾಲ್ತಸಾರ್ ಊರಲ್ಲೇ ಇದ್ದ, ಕುದುರೆ ಇತ್ತು, ದಾರಿಯೂ ತೆರೆದಿತ್ತು. ಜೂಲಿಯೆಟ್‌ಳನ್ನು ಸಮಾಧಿಗೆ ಇಳಿಸಿದ್ದನ್ನು ಕಣ್ಣಾರೆ ಕಂಡು ಅವನು ನೇರ ಮಾಂಟುವಾಕ್ಕೆ ಹೊರಟೂಬಿಟ್ಟ, ಯಾರೂ ತಡೆಯಲಿಲ್ಲ. ಸುಳ್ಳು ಸುದ್ದಿ ಸಲೀಸಾಗಿ ತಲುಪಿದ ರಸ್ತೆಯಲ್ಲಿ ನಿಜ ಸುದ್ದಿ ತಲುಪದೇ ಹೋಯಿತು. ರೋಮಿಯೋ ಪಾಪ ಎರಡು ಸಲ ಕೇಳುತ್ತಾನೆ, ಸನ್ಯಾಸಿಯಿಂದ ಪತ್ರವೇನಾದರೂ ಉಂಟೇ ಎಂದು. ಇಲ್ಲ ಎನ್ನುತ್ತಾನೆ ಬಾಲ್ತಸಾರ್. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಇದು ಗ್ರಹಗಳ ಕೆಲಸವಲ್ಲ, ಗುಟ್ಟು ತನ್ನ ಮಠದೊಳಗೇ ಇರಲಿ ಎಂದುಕೊಂಡ ಒಬ್ಬ ಹಿರಿಯನ ಕೆಲಸ.

ಹಾಗಾಗಿಯೇ ಮೂರನೆಯ ಆರೋಪಿಯಾಗಿ ಎಲ್ಲರೂ ಲಾರೆನ್ಸ್ ಕಡೆ ಬೆರಳು ತೋರಿಸುತ್ತಾರೆ. ತರಗತಿಗಳಲ್ಲಿ ಈ ಪ್ರಶ್ನೆ ಎದ್ದರೆ ಹಲವು ಕೈ ಅವನ ಹೆಸರಿಗೇ ಏಳುತ್ತವೆ. ಅವನ ಮೇಲಿನ ಆಪಾದನೆ ಸಣ್ಣದಲ್ಲ. ಎರಡು ಮನೆಗಳ ಹಗೆ ಇಳಿದೀತು ಎಂಬ ಲೆಕ್ಕದಲ್ಲಿ ಗುಟ್ಟಾಗಿ ಮದುವೆ ಮಾಡಿಸಿದ, ಅಂದರೆ ಹಿರಿಯರ ರೋಗಕ್ಕೆ ಮಕ್ಕಳನ್ನು ಮದ್ದು ಮಾಡಿದ. ಬದುಕಿರುವ ಹುಡುಗಿಯನ್ನು ಸತ್ತವಳಂತೆ ಮಲಗಿಸುವ ಉಪಾಯ ಹೂಡಿದ. ಕೊನೆಗೆ ಸಮಾಧಿಯಲ್ಲಿ ಅವಳು ಕಣ್ಣು ಬಿಟ್ಟಾಗ, ಕಾವಲುಗಾರರ ಸದ್ದಿಗೆ ಹೆದರಿ, ಗಂಡನ ಹೆಣದ ಪಕ್ಕದಲ್ಲಿ ಅವಳೊಬ್ಬಳನ್ನೇ ಬಿಟ್ಟು ಓಡಿದ. ಮೊದಲೆರಡನ್ನು ಒಳ್ಳೆಯ ಉದ್ದೇಶದ ಖಾತೆಗೆ ಹಾಕಬಹುದು. ಆ ಓಟಕ್ಕೆ ನನ್ನಲ್ಲಿ ಕ್ಷಮೆಯಿಲ್ಲ.

ಆದರೆ ಅವನ ದೊಡ್ಡ ತಪ್ಪು ಇದ್ಯಾವುದೂ ಅಲ್ಲ, ಆಡದೆ ಉಳಿದ ಒಂದು ಮಾತು. ಅಂದಿನ ಚರ್ಚಿನ ಕಾನೂನಿನಲ್ಲಿ ಹೆಣ್ಣಿಗೆ 12, ಗಂಡಿಗೆ 14 ತುಂಬಿದ್ದರೆ ಇಬ್ಬರ ಒಪ್ಪಿಗೆಯೇ ಮದುವೆ. ಹೆತ್ತವರ ಒಪ್ಪಿಗೆ ಇಲ್ಲದಿದ್ದರೂ ಇಂಗ್ಲೆಂಡಿನ ಪ್ರೇಕ್ಷಕರ ಕಣ್ಣಲ್ಲಿ ಅದು ಮುರಿಯಲಾಗದ ಗಂಟು. ಈ ಹುಡುಗಿಗೆ ಆಗಲೇ ಮದುವೆಯಾಗಿದೆ ಎಂದು ಲಾರೆನ್ಸ್ ಒಮ್ಮೆ ಬಾಯಿಬಿಟ್ಟಿದ್ದರೆ ಪ್ಯಾರಿಸ್ ಜೊತೆಗಿನ ಮದುವೆ ಅಲ್ಲಿಗೇ ನಿಲ್ಲುತ್ತಿತ್ತು. ಹೇಳುವ ಅವಕಾಶ ಅವನ ಕುಟೀರಕ್ಕೇ ನಡೆದುಕೊಂಡು ಬಂತು: ಮದುವೆಯ ಏರ್ಪಾಡಿಗೆಂದು ಪ್ಯಾರಿಸ್ ಖುದ್ದಾಗಿ ಬಂದು ಎದುರು ಕೂತಿದ್ದ. ಸನ್ಯಾಸಿ ತನ್ನಷ್ಟಕ್ಕೆ ಗೊಣಗಿಕೊಂಡು ಮಾತು ಮರೆಸಿದ.

ಬಾಯಿ ಕಟ್ಟಿಕೊಂಡವರು ಅವನೊಬ್ಬನೇ ಅಲ್ಲ. ಟಿಬಾಲ್ಟ್ ಕತ್ತಿ ಹಿರಿದಾಗ ರೋಮಿಯೋ, ನಿನ್ನ ಹೆಸರು ನನಗೆ ನನ್ನದರಷ್ಟೇ ಪ್ರಿಯ ಎಂಬ ಅರ್ಥದ ಒಗಟಿನಂಥ ಮಾತಾಡುತ್ತಾನೆ. ನಾನು ಈಗ ನಿಮ್ಮ ಮನೆ ಅಳಿಯ ಎಂದು ಬಿಡಿಸಿ ಹೇಳುವುದಿಲ್ಲ. ಅದನ್ನು ಹೇಡಿತನ ಎಂದುಕೊಂಡ ಮರ್ಕ್ಯುಶಿಯೋ ತಾನೇ ಮುಂದೆ ನುಗ್ಗಿ ಸಾಯುತ್ತಾನೆ. ದಾದಿಯದ್ದು ಇನ್ನೊಂದು ಬಗೆ. ನೂಲೇಣಿ ಹೊತ್ತು ತಂದು ಮೊದಲ ರಾತ್ರಿ ಮಾಡಿಸಿದವಳು, ಮಾರನೆಯ ಬೆಳಗ್ಗೆ ಪ್ಯಾರಿಸ್‌ನನ್ನೇ ಕಟ್ಟಿಕೋ, ಅವನೇ ವಾಸಿ ಎಂದುಬಿಡುತ್ತಾಳೆ. ಬ್ರೂಕ್ ಅವಳನ್ನು ಗಡೀಪಾರು ಮಾಡಿದ. ನನಗೆ ಅಷ್ಟು ಸಿಟ್ಟಿಲ್ಲ. ತನ್ನ ಮಗಳನ್ನು ಕಳೆದುಕೊಂಡು, ಒಡೆಯನ ಮಗಳಿಗೆ ಹಾಲೂಡಿಸಿ ಬದುಕಿದ ಸಂಬಳದ ಹೆಂಗಸು. ಜೂಲಿಯೆಟ್‌ಳ ಅಪ್ಪ ಕ್ಯಾಪುಲೆಟ್‌ಗೆ ಎದುರಾಡಿ ಒಂದೆರಡು ಮಾತಾಡಿದ್ದಕ್ಕೇ ಬಾಯಿಮುಚ್ಚು ಎಂದು ಬೈಸಿಕೊಂಡವಳು.

ಇಷ್ಟೊಂದು ಜನ ಒಂದೇ ಮಾತನ್ನು ನುಂಗಿಕೊಂಡದ್ದು ಏಕೆ? ಈ ಪ್ರಶ್ನೆ ಹಿಡಿದು ಹೋದರೆ ಕ್ಯಾಪುಲೆಟ್‌ನ ಮನೆಗೆ ಬಂದು ನಿಲ್ಲುತ್ತೇವೆ. ನನ್ನ ಮಟ್ಟಿಗೆ ಮೊದಲ ಆರೋಪಿ ಅವನೇ.

ನೋಡಿದರೆ ಅವನು ರಾಕ್ಷಸನಲ್ಲ. ಮೊದಲ ಅಂಕದಲ್ಲಿ ಪ್ಯಾರಿಸ್ ಹೆಣ್ಣು ಕೇಳಲು ಬಂದಾಗ, ಹುಡುಗಿ ಇನ್ನೂ ಚಿಕ್ಕವಳು, ಎರಡು ಬೇಸಿಗೆ ಕಳೆಯಲಿ, ಮೊದಲು ಅವಳ ಮನಸ್ಸು ಗೆಲ್ಲು, ಅವಳು ಒಪ್ಪಿದರೆ ನನ್ನದೇನು ಎಂದು ನಮ್ಮೂರಿನ ಯಾವುದೇ ಒಳ್ಳೆಯ ಅಪ್ಪನಂತೆ ಮಾತಾಡುತ್ತಾನೆ. ಔತಣಕ್ಕೆ ರೋಮಿಯೋ ಕರೆಯದೆ ಬಂದಿದ್ದಾನೆಂದು ಟಿಬಾಲ್ಟ್ ಕುದಿಯುವಾಗ, ಹುಡುಗ ಒಳ್ಳೆಯವನಂತೆ, ಸುಮ್ಮನಿರು ಎಂದು ಗದರಿಸುವವನೂ ಅವನೇ. ಅಂಥವನು ಟಿಬಾಲ್ಟ್ ಸತ್ತ ದಿನವೇ, ಅಂದರೆ ಸೋಮವಾರ ರಾತ್ರಿ, ಮಗಳನ್ನು ಒಂದು ಮಾತೂ ಕೇಳದೆ ಗುರುವಾರಕ್ಕೆ ಮದುವೆ ಗೊತ್ತುಮಾಡುತ್ತಾನೆ. ಪ್ಯಾರಿಸ್ ದೊರೆಯ ಬಂಧು. ಮನೆಯಲ್ಲಿ ಹೆಣ ಬಿದ್ದ ಹೊತ್ತಲ್ಲಿ ಆ ಸಂಬಂಧದ ಬೆಲೆ ಏರಿತ್ತು. ಮಗಳು ಬೇಡವೆಂದಾಗ ಬರುವ ದೃಶ್ಯ ಇಡೀ ನಾಟಕದಲ್ಲೇ ಅತಿ ಭಯಾನಕ, ಸಮಾಧಿಯ ದೃಶ್ಯಕ್ಕಿಂತಲೂ. ಒಪ್ಪದಿದ್ದರೆ ಮನೆಯಿಂದಾಚೆ ನಡೆ, ತಿರಿದು ತಿನ್ನು, ಉಪವಾಸ ಬಿದ್ದು ಬೀದಿಯಲ್ಲಿ ಸಾಯಿ, ನನ್ನ ಆಸ್ತಿಯಲ್ಲಿ ನಿನಗೆ ಚೂರೂ ಇಲ್ಲ ಎಂದು ಅಬ್ಬರಿಸುತ್ತಾನೆ. ಹೊಡೆಯಲು ಕೈ ತುರಿಸುತ್ತಿದೆ ಎಂದೂ ಹೇಳುತ್ತಾನೆ. ತಾಯಿ ಮಗಳ ಕಡೆ ತಿರುಗಿಯೂ ನೋಡದೆ ಹೋಗುತ್ತಾಳೆ. ಈ ತಾಯಿಯೂ ಮಗಳ ವಯಸ್ಸಿನಲ್ಲೇ ಹೆತ್ತವಳು. ಟಿಬಾಲ್ಟ್‌ನ ಸೇಡಿಗಾಗಿ ಮಾಂಟುವಾದಲ್ಲಿ ರೋಮಿಯೋಗೆ ವಿಷ ಹಾಕಿಸುವ ಯೋಚನೆಯೂ ಅವಳ ತಲೆಯಲ್ಲಿದೆ.

ಮರುದಿನ ಜೂಲಿಯೆಟ್ ಕುಟೀರದಿಂದ ವಾಪಸು ಬಂದು ಒಪ್ಪಿದವಳಂತೆ ನಟಿಸುತ್ತಾಳೆ. ಅಪ್ಪನಿಗೆ ಹಿಗ್ಗೋ ಹಿಗ್ಗು. ಆ ಹಿಗ್ಗಿನಲ್ಲಿ ಮದುವೆಯನ್ನು ಗುರುವಾರದಿಂದ ಬುಧವಾರಕ್ಕೆ ಎಳೆದುಬಿಡುತ್ತಾನೆ. ಹೆಂಡತಿ, ಅಡುಗೆಗೆ ಸಾಮಾನು ಸಾಲದು, ಗುರುವಾರವೇ ಸಾಕು ಎನ್ನುತ್ತಾಳೆ. ಕೇಳುವುದಿಲ್ಲ, ರಾತ್ರಿಯಿಡೀ ತಾನೇ ಎದ್ದಿದ್ದು ಎಲ್ಲ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ವಿಮರ್ಶಕರು ಬೇಗ ದಾಟಿಹೋಗುವ ಜಾಗ ಇದು. ಔಷಧಿಯನ್ನು ಒಂದು ರಾತ್ರಿ ಮೊದಲೇ ಕುಡಿಯಬೇಕಾಗಿ ಬಂದದ್ದು, ಪತ್ರಕ್ಕೆ ಸಿಗಬೇಕಾದ ಒಂದಿಡೀ ದಿನ ಕೈತಪ್ಪಿದ್ದು, ಎರಡನೆಯ ದೂತನನ್ನು ಕಳಿಸಲು ಹೊತ್ತಿಲ್ಲದ್ದು, ಎಲ್ಲವೂ ಈ ಒಂದು ದಿನದ ಎಳೆತದಿಂದ. ಜನ ನಕ್ಷತ್ರ ಎಂದು ಕರೆಯುವುದರಲ್ಲಿ ಅರ್ಧ ಭಾಗ ಈ ಅಪ್ಪನ ಸಡಗರ.

ಕೊಪೇಲಿಯಾ ಕಾನ್ ಎಂಬ ವಿಮರ್ಶಕಿ 1970ರ ದಶಕದಲ್ಲಿ ಬರೆದ ಪ್ರಬಂಧವೊಂದು ಚರ್ಚೆಯ ದಿಕ್ಕನ್ನು ಈ ಕಡೆಗೆ ತಿರುಗಿಸಿತು. ಹಗೆಯೆಂಬುದು ಎರಡು ಮನೆಗಳ ಜಗಳವಷ್ಟೇ ಅಲ್ಲ, ಆ ಊರಿನಲ್ಲಿ ಗಂಡುಮಕ್ಕಳನ್ನು ಗಂಡಸರನ್ನಾಗಿ ಬೆಳೆಸುವ ಬಗೆ. ಅಪ್ಪನ ಹೆಸರಿಗಾಗಿ ಕತ್ತಿ ಎತ್ತುವುದೇ ಪ್ರಾಯಕ್ಕೆ ಬಂದ ಗುರುತು ಎಂದಳು ಆಕೆ. ಹಗೆಗೆ ಕಾರಣವೇನೆಂದು ನಾಟಕ ಎಲ್ಲೂ ಹೇಳುವುದಿಲ್ಲ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಹಳೆಯದು ಎಂದಷ್ಟೇ ಗೊತ್ತು. ಕಾದಾಡುವವರಿಗೂ ಅದು ಗೊತ್ತಿದ್ದಂತಿಲ್ಲ.

ಕಾನೂನು ಎಲ್ಲಿತ್ತು? ದೊರೆ ತನ್ನ ತಪ್ಪನ್ನು ಕೊನೆಯಲ್ಲಿ ತಾನೇ ಒಪ್ಪಿಕೊಳ್ಳುತ್ತಾನೆ: ನಿಮ್ಮ ಜಗಳ ಕಂಡೂ ಕಣ್ಣು ಮುಚ್ಚಿಕೊಂಡದ್ದಕ್ಕೆ ನಾನೂ ಇಬ್ಬರು ಬಂಧುಗಳನ್ನು ಕಳೆದುಕೊಂಡೆ ಎಂದು. ಅವರು ಮರ್ಕ್ಯುಶಿಯೋ ಮತ್ತು ಪ್ಯಾರಿಸ್. ಮೂರು ಸಲ ಬೀದಿ ಕಾಳಗವಾದ ಮೇಲಷ್ಟೇ ಅವನು ಮರಣದಂಡನೆಯ ಬೆದರಿಕೆ ಹಾಕುತ್ತಾನೆ. ಇದರ ಎದುರಿಗೆ ಮಾಂಟುವಾದ ಕಾನೂನನ್ನು ಇಡಿ. ಅಲ್ಲಿ ವಿಷ ಮಾರಿದರೆ ಸಾವೇ ಗತಿ. ಆ ಅಂಗಡಿಯವನು ಹಸಿವಿನಿಂದ ಮೂಳೆ ಬಿಟ್ಟುಕೊಂಡವನು, ಅಂಗಡಿಯಲ್ಲಿ ಖಾಲಿ ಪೆಟ್ಟಿಗೆ, ಗಡಿಗೆ, ತೂಗುಬಿಟ್ಟ ಒಂದು ಆಮೆ. ರೋಮಿಯೋ 40 ಡಕಾಟ್ ಮುಂದೆ ಹಿಡಿದಾಗ, ಒಪ್ಪುತ್ತಿರುವುದು ನನ್ನ ಬಡತನ, ನಾನಲ್ಲ ಎಂಬರ್ಥದ ಮಾತು ಹೇಳಿ ಕೊಡುತ್ತಾನೆ. ಬಡವನ ಸೀಸೆಗೆ ಗಲ್ಲು, ದೊಡ್ಡ ಮನೆಗಳ ಕತ್ತಿಗೆ ಎಚ್ಚರಿಕೆ. ಬ್ರೂಕ್‌ನ ದೊರೆ ನೇಣಿಗೆ ಹಾಕಿದ್ದೂ ಈ ಬಡವನನ್ನೇ, ಗಡೀಪಾರು ಮಾಡಿದ್ದೂ ಕೂಲಿ ಹೆಂಗಸನ್ನೇ. ಷೇಕ್ಸ್‌ಪಿಯರ್ ಆ ಪಟ್ಟಿಯನ್ನು ಅಳಿಸಿದ್ದಕ್ಕೆ ನಾನು ಕೊಡುವ ಕಾರಣ ಇದು: ಅದನ್ನು ಉಳಿಸಿಕೊಂಡಿದ್ದರೆ ಪ್ರೇಕ್ಷಕ ನ್ಯಾಯ ಸಿಕ್ಕಿತೆಂದುಕೊಂಡು ಎದ್ದು ಹೋಗುತ್ತಿದ್ದ.

ಹೊಣೆಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಇನ್ನೊಂದು ದಾರಿಯಿದೆ, ಸಾವನ್ನೇ ತೆಗೆದುಹಾಕುವುದು. ಕನ್ನಡಕ್ಕೆ ಈ ನಾಟಕ ಮೊದಮೊದಲು ಬಂದದ್ದು ಹಾಗೆ. 1889ರಲ್ಲಿ ಸಿ. ಆನಂದರಾಯರು ಇದನ್ನು ‘ರಾಮವರ್ಮ ಲೀಲಾವತಿ’ಯಾಗಿ ರೂಪಾಂತರಿಸಿದಾಗ ಪ್ರೇಮಿಗಳು ವಿಷ್ಣುವಿನ ಕೃಪೆಯಿಂದ ಮತ್ತೆ ಬದುಕುತ್ತಾರೆ. ಇದನ್ನು ನೋಡಿ ನಗುವವರು ರಷ್ಯಾದ ಪ್ರೊಕೊಫಿಯೆವ್ 1935ರಲ್ಲಿ ತನ್ನ ಬ್ಯಾಲೆಗೆ ಮೊದಲು ಸುಖಾಂತವನ್ನೇ ಕೊಟ್ಟಿದ್ದ ಎಂಬುದನ್ನು ನೆನಪಿಡಲಿ. ಲಂಡನ್ನಿನ ನಟ ಡೇವಿಡ್ ಗ್ಯಾರಿಕ್ 1748ರಲ್ಲಿ ರೋಮಿಯೋ ಸಾಯುವ ಮೊದಲೇ ಜೂಲಿಯೆಟ್‌ಳನ್ನು ಎಬ್ಬಿಸಿ ಇಬ್ಬರಿಗೂ ಅಳುವ ಸಂಭಾಷಣೆ ಬರೆದ. ನೂರು ವರ್ಷದ ಹತ್ತಿರ ರಂಗದ ಮೇಲೆ ಅದೇ ನಡೆಯಿತು. ನಮ್ಮ ದ್ವಿತೀಯ ಪಿಯುಸಿ ಇಂಗ್ಲಿಷ್ ಪಠ್ಯಕ್ಕೆ ಆಯ್ದ ತುಣುಕುಗಳಲ್ಲೂ ರೋಮಿಯೋ ಮತ್ತು ಜೂಲಿಯೆಟ್ ಒಬ್ಬರನ್ನೊಬ್ಬರು ಹೊಗಳುವುದಷ್ಟೇ ಇತ್ತು. ಹದಿನೇಳರ ಮಕ್ಕಳಿಗೆ ಬೆಳದಿಂಗಳು ಕೊಟ್ಟು ಅಪ್ಪನ ಅಬ್ಬರವನ್ನು ಬಚ್ಚಿಟ್ಟ ಹಾಗೆ.

ಆ ಅಬ್ಬರ ನಮಗೆ ಪರಕೀಯವೇನಲ್ಲ. ಜಾತಿ ಮೀರಿ ಮದುವೆಯಾದವರನ್ನು ಮನೆಯವರೇ ಕೊಂದ ಸುದ್ದಿಗೆ ನಮ್ಮ ಪತ್ರಿಕೆಗಳು ಮರ್ಯಾದೆಗೇಡು ಹತ್ಯೆ ಎಂಬ ಹೆಸರಿಟ್ಟು ಎಷ್ಟೋ ಕಾಲವಾಯಿತು. 2018ರ ಮಾರ್ಚ್‌ನಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆಯ, ಕುಲದ, ಸಮುದಾಯದ ಅಪ್ಪಣೆ ಬೇಕಿಲ್ಲ ಎಂದಿತು. ಅಂಥ ಜೋಡಿಗಳ ರಕ್ಷಣೆಗೆ ಜಿಲ್ಲೆಗಳಲ್ಲಿ ಏರ್ಪಾಡು ಮಾಡಲು ಸರ್ಕಾರಗಳಿಗೆ ಹೇಳಿತು. ಇನ್ನೊಂದು ಕಡೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನ ಮೊದಲೇ ನೋಟಿಸು ಕೊಡಬೇಕು, ಅದು ಕಚೇರಿಯ ಗೋಡೆಗೆ ಅಂಟಬೇಕು. ಗುಟ್ಟು ಬೇಡ ಎನ್ನುವ ಕಾನೂನು ಸರಿಯೇ. ಆದರೆ ಗುಟ್ಟು ಬಯಲಾದ ದಿನ ಏನಾಗುತ್ತದೆ ಎಂಬ ಭಯದಲ್ಲೇ ಲಾರೆನ್ಸ್, ದಾದಿ, ರೋಮಿಯೋ ಬಾಯಿ ಮುಚ್ಚಿಕೊಂಡದ್ದು.

ಮತ್ತೆ ಆ ಕೊನೆಯ ದೃಶ್ಯಕ್ಕೆ. ಚುಟುಕಾಗಿ ಹೇಳುತ್ತೇನೆ ಎಂದು ಶುರುಮಾಡಿ ಲಾರೆನ್ಸ್ 40 ಸಾಲಿನಷ್ಟು ಸಾಕ್ಷ್ಯ ನುಡಿಯುತ್ತಾನೆ. ಪ್ರೇಕ್ಷಕರಿಗೆ ಗೊತ್ತಿರುವುದನ್ನೇ ಮತ್ತೆ ಹೇಳಿಸಿದ್ದಾನಲ್ಲ ಎಂದು ಸ್ಯಾಮ್ಯುಯೆಲ್ ಜಾನ್ಸನ್ ತನ್ನ 1765ರ ಸಂಪಾದನೆಯಲ್ಲಿ ಮರುಗಿದ. ಜೆಫಿರೆಲ್ಲಿಯ 1968ರ ಸಿನಿಮಾ, ಬಾಜ್ ಲೂರ್ಮನ್‌ನ 1996ರ ಸಿನಿಮಾ ಎರಡೂ ಈ ಮಾತನ್ನು ಕತ್ತರಿಸಿದವು. ಎರಡರಲ್ಲೂ ರೋಮಿಯೋ ಕೈಯಲ್ಲಿ ಪ್ಯಾರಿಸ್ ಸಾಯುವುದೂ ಇಲ್ಲ, ಹಾಗಾಗಿ ನಾಯಕನ ಕೈ ಶುದ್ಧ. ರಂಗದ ಮೇಲೂ ಹೊತ್ತಾಯಿತೆಂದು ಮೊದಲು ಕತ್ತರಿ ಬೀಳುವುದು ಇಲ್ಲಿಗೇ. ಜಾನ್ಸನ್ ಹೇಳಿದ್ದು ಪ್ರೇಕ್ಷಕರ ಮಟ್ಟಿಗೆ ನಿಜ. ಆದರೆ ಆ ಸಾಕ್ಷ್ಯ ನಮಗಾಗಿ ಅಲ್ಲ. ವೇದಿಕೆಯ ಮೇಲೆ ಅದನ್ನು ಮೊದಲ ಬಾರಿ ಕೇಳುತ್ತಿರುವವರು ಕ್ಯಾಪುಲೆಟ್ ಮತ್ತು ರೋಮಿಯೋನ ಅಪ್ಪ ಮಾಂಟೆಗ್ಯೂ. ಮಗಳಿಗೆ ಮದುವೆಯಾಗಿತ್ತು, ಅವಳು ಅಳುತ್ತಿದ್ದದ್ದು ಟಿಬಾಲ್ಟ್‌ಗಾಗಿ ಅಲ್ಲ, ತಾನು ಒತ್ತಾಯದ ಮದುವೆಗೆ ದೂಡಿದ್ದರಿಂದಲೇ ಅವಳು ಸನ್ಯಾಸಿಯ ಬಳಿಗೆ ಓಡಿದ್ದು ಎಂಬುದು ಆ ಅಪ್ಪನ ಕಿವಿಗೆ ಸಾಲುಸಾಲಾಗಿ ಬೀಳುತ್ತದೆ. ಅದಾದ ಮೇಲೆ ಅವನು ಮಾಡುವುದೇನು? ನಿನ್ನ ಮಗಳಿಗೆ ಅಪ್ಪಟ ಚಿನ್ನದ ಪ್ರತಿಮೆ ನಿಲ್ಲಿಸುತ್ತೇನೆ ಎನ್ನುತ್ತಾನೆ ಮಾಂಟೆಗ್ಯೂ. ರೋಮಿಯೋಗೂ ಅಷ್ಟೇ ಶ್ರೀಮಂತಿಕೆಯದನ್ನು ನಾನು ನಿಲ್ಲಿಸುತ್ತೇನೆ ಎನ್ನುತ್ತಾನೆ ಕ್ಯಾಪುಲೆಟ್. ರಾಜಿಯಲ್ಲೂ ಪೈಪೋಟಿ. ಕನ್ನಡದಲ್ಲಿ ಇದನ್ನು ಆಡಿಸುವವರು ಬಾಲ್ಕನಿಯ ದೃಶ್ಯದಲ್ಲಿ ಬೇಕಾದರೆ ಹತ್ತು ಸಾಲು ಬಿಡಲಿ, ಸನ್ಯಾಸಿಯ ಸಾಕ್ಷ್ಯವನ್ನು ಪೂರ್ತಿ ಹೇಳಿಸಲಿ, ಬೆಳಕನ್ನು ಹೇಳುವವನ ಮೇಲೆ ಬಿಡದೆ ಕೇಳುತ್ತಾ ನಿಂತವರ ಮೇಲೆ ಬಿಡಲಿ.